ಕ್ಯಾಂಡಿಡೆಸಿ ಪರೀಕ್ಷೆಯ ತಯಾರಿ: ಸಾರಾಂಶ, ಫ್ಲ್ಯಾಶ್‌ಕಾರ್ಡ್, ಪ್ರಶ್ನಾಭ್ಯಾಸಗಳ ಹೋಲಿಕೆ

ಪಿಎಚ್‌ಡಿ ಕೋರ್ಸ್‌ವರ್ಕ್ ಮುಗಿದ ಮೇಲೆ ಬರುವ, ಪ್ರೌಢಪ್ರಬಂಧದ ಕೆಲಸಕ್ಕೆ ಅರ್ಹತೆ ನೋಡುವ ಕ್ಯಾಂಡಿಡೆಸಿ ಪರೀಕ್ಷೆಯಲ್ಲಿ, ಅದರಲ್ಲೂ ಮೌಖಿಕ ಸುತ್ತಿನಲ್ಲಿ, ಮೂರನೇ ಅಧ್ಯಾಯದಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ‘ಇವರಿಬ್ಬರ ವಾದ ಎಲ್ಲಿ ಬೇರೆಯಾಗುತ್ತದೆ? ನಿಮ್ಮ ಸಂಶೋಧನೆ ಯಾರ ಕಡೆಗಿದೆ, ಏಕೆ?’ ಎಂದು ಕೇಳುತ್ತಾರೆ. ಆದ್ದರಿಂದ ತಯಾರಿಯ ಯಾವುದೇ ವಿಧಾನಕ್ಕೂ ನಾವು ಇಟ್ಟುಕೊಂಡ ಪರೀಕ್ಷೆ ಒಂದೇ: ಪುಸ್ತಕ ಮುಚ್ಚಿಟ್ಟ ಮೇಲೆ ನಾಲ್ಕು ಜನರ ಮುಂದೆ ಮೂರು ನಿಮಿಷದ ಉತ್ತರ ಬಾಯಿಗೆ ಬರುತ್ತದೆಯೇ?

ಕೃತಿಗೊಂದು ಸಾರಾಂಶ ಬರೆಯುವುದು, ಫ್ಲ್ಯಾಶ್‌ಕಾರ್ಡ್ ಮಾಡಿಕೊಳ್ಳುವುದು, ಪ್ರಶ್ನೆಗಳನ್ನು ಮೊದಲೇ ಊಹಿಸಿ ನೆನಪಿನಿಂದ ಉತ್ತರಿಸುವುದು, ಈ ಮೂರನ್ನೂ ನೂರರ ಆಸುಪಾಸಿನ ಕೃತಿಗಳ ಓದಿನ ಪಟ್ಟಿಗೂ ಸಂಶೋಧನಾ ಪ್ರಸ್ತಾವ ಮಂಡಿಸುವ ಮಾದರಿಯ ಪರೀಕ್ಷೆಗೂ ಬಳಸಿ ನೋಡಿದ್ದೇವೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುವುದಾದರೆ, ಮೂರನೆಯದೇ ಬೆನ್ನೆಲುಬು, ಉಳಿದೆರಡು ಅದಕ್ಕೆ ಒದಗಿ ಬರುವಂಥವು. ಬಹುಪಾಲು ವಿದ್ಯಾರ್ಥಿಗಳು ಇದನ್ನು ತಿರುವುಮುರುವು ಮಾಡುತ್ತಾರೆ: ಸಾರಾಂಶಕ್ಕೆ ತಿಂಗಳುಗಟ್ಟಲೆ, ಉತ್ತರಿಸುವ ಅಭ್ಯಾಸಕ್ಕೆ ಕೊನೆಯ ವಾರ.

ಸಾರಾಂಶದ ವಿಧಾನ ಎಲ್ಲರಿಗೂ ಗೊತ್ತಿರುವಂಥದ್ದು. ಆಕರಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶದ 2022ರ ಆರನೇ ಆವೃತ್ತಿಯಿಂದ ಪಿಡಿಎಫ್ ಓದಿ ಗುರುತು ಹಾಕುವುದು, ಆ ಗುರುತುಗಳನ್ನೆಲ್ಲ ಒಂದು ಟಿಪ್ಪಣಿಯಾಗಿ ಸೇರಿಸುವುದು ಅದರೊಳಗೇ ಸಾಧ್ಯ. ತೊಂದರೆ ಶುರುವಾಗುವುದೂ ಅಲ್ಲೇ. ಹಾಗೆ ಬಂದ ಟಿಪ್ಪಣಿ ಲೇಖಕರ ವಾಕ್ಯಗಳ ರಾಶಿ. ನಿಮ್ಮ ವಾಕ್ಯ ಅದರಲ್ಲಿ ಒಂದೂ ಇರುವುದಿಲ್ಲ. ಪುಸ್ತಕಕ್ಕೆ ಐದು ಪುಟ ಎಂದರೂ ಪಟ್ಟಿ ಮುಗಿಯುವಾಗ 500 ಪುಟ, ಅದನ್ನು ಪುನಃ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕಲಿಕೆಯ ತಂತ್ರಗಳ ಬಗ್ಗೆ ಜಾನ್ ಡನ್ಲಾಸ್ಕಿ ಮತ್ತು ಸಹಲೇಖಕರು 2013ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಗೆರೆ ಎಳೆಯುವುದು, ಮರು ಓದು, ಸಾರಾಂಶ ಬರೆಯುವುದು ಮೂರನ್ನೂ ಕಡಿಮೆ ಉಪಯೋಗದವೆಂದಿತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಂತರ ಬಿಟ್ಟು ಓದುವುದು ಮಾತ್ರ ಹೆಚ್ಚು ಉಪಯೋಗದ ಸಾಲಿಗೆ ಬಂದವು.

ಹಾಗೆಂದು ಸಾರಾಂಶ ಬಿಡಲಾಗುವುದಿಲ್ಲ, ಉತ್ತರಕ್ಕೆ ಸರಕು ಬೇಕಲ್ಲ. ಕೃತಿಗೆ ಒಂದೇ ಪುಟ, 300 ಪದ ಎಂದು ಮಿತಿ ಹಾಕಿಕೊಳ್ಳಿ. ಪೀಠಿಕೆ, ಉಪಸಂಹಾರ, ಪ್ರತಿ ಅಧ್ಯಾಯದ ಮೊದಲ ಮತ್ತು ಕೊನೆಯ ಪ್ಯಾರಾ, ಜೊತೆಗೆ ಜರ್ನಲ್‌ಗಳಲ್ಲಿ ಬಂದ ಎರಡು ಪುಸ್ತಕ ವಿಮರ್ಶೆ: ಇಷ್ಟಕ್ಕೆ ಎರಡು ಮೂರು ಗಂಟೆ ಸಾಕು. ಅಕ್ಷರ ಬಿಡದೆ ಓದಬೇಕಾದ್ದು ಪಟ್ಟಿಯ ಐದನೇ ಒಂದು ಭಾಗ ಮಾತ್ರ, ಅದು ಯಾವುದೆಂದು ಮಾರ್ಗದರ್ಶಕರನ್ನೇ ಕೇಳಿ. ಪುಟದ ಮೊದಲ ಐದು ಸಾಲನ್ನು ಪುಸ್ತಕ ಮುಚ್ಚಿ ಬರೆಯಿರಿ: ವಾದ, ಆಧಾರ, ವಿಧಾನ, ಯಾರಿಗೆ ಉತ್ತರವಾಗಿ ಬರೆದದ್ದು, ಎಲ್ಲಿ ಸೋಲುತ್ತದೆ. ನಾಲ್ಕನೆಯದನ್ನು ಬಿಟ್ಟವರಿಗೆ ಮುಂದೆ ಎರಡು ಕೃತಿಗಳನ್ನು ಜೋಡಿಸುವುದೇ ಕಷ್ಟವಾಗುತ್ತದೆ.

ಫ್ಲ್ಯಾಶ್‌ಕಾರ್ಡ್‌ಗೆ ನಾವು ಬಳಸುವುದು ಆಂಕಿ, ಅಂತರ ಬಿಟ್ಟು ಕಾರ್ಡನ್ನು ಮತ್ತೆ ಮತ್ತೆ ತೋರಿಸುವ ತಂತ್ರಾಂಶ. ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳಿಗೆ ಇದು ನಿಜವಾಗಿ ಒದಗುತ್ತದೆ. ಒಂದು ಸಮೀಕರಣ ಯಾವ ಊಹೆಗಳ ಮೇಲೆ ನಿಂತಿದೆ, ಒಂದು ಪ್ರಮಾಣ ನ್ಯಾನೊಮೀಟರ್‌ನದೋ ಮೈಕ್ರೊಮೀಟರ್‌ನದೋ, ಒಂದು ಪ್ರಯೋಗಕ್ಕೆ ಯಾವ ಕಂಟ್ರೋಲ್ ಬೇಕು, ಇಂಥ ಚಿಕ್ಕ ಉತ್ತರಗಳೇ ಕಾರ್ಡಿಗೆ ಹೇಳಿ ಮಾಡಿಸಿದಂಥವು. ಮಾನವಿಕ ವಿಷಯಗಳಲ್ಲಿ ಲೇಖಕ, ವರ್ಷ, ಒಂದು ಸಾಲಿನ ವಾದ, ಇಷ್ಟಕ್ಕೇ ನಿಲ್ಲಿಸಿ. ‘ಈ ಪುಸ್ತಕದ ವಾದವೇನು?’ ಎಂಬ ಕಾರ್ಡು ಕೆಲಸ ಮಾಡುವುದಿಲ್ಲ. ಉತ್ತರ ಉದ್ದವಾಗಿರುವುದರಿಂದ ಅರ್ಧ ನೆನಪಾದರೂ ‘ಸರಿ’ ಒತ್ತಿ ಮುಂದೆ ಹೋಗುತ್ತೇವೆ, ಉಳಿದರ್ಧ ಎಂದೂ ಕಲಿತಿರುವುದಿಲ್ಲ.

ಇನ್ನೊಂದು ಎಡವಟ್ಟು ಲೆಕ್ಕದ್ದು. ಆಂಕಿ ತಾನಾಗಿ ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ಕೆಲವು ವಾರಗಳಲ್ಲಿ ದಿನದ ಪುನರಾವರ್ತನೆ ಇನ್ನೂರರ ಹತ್ತಿರ ಹೋಗಿ ಓದುವ ಹೊತ್ತನ್ನೇ ನುಂಗುತ್ತದೆ. ಎಂಟು ಹತ್ತಕ್ಕೆ ಇಳಿಸಿ. ಕಾರ್ಡು ಮತ್ತೆ ಯಾವಾಗ ತೋರಿಸಬೇಕೆಂದು ನಿರ್ಧರಿಸುವ, 2023ರಲ್ಲಿ ಆಂಕಿಗೆ ಸೇರಿದ ಎಫ್‌ಎಸ್‌ಆರ್‌ಎಸ್ ಲೆಕ್ಕಾಚಾರ ಬಳಸುವವರು ನೆನಪಿನ ಗುರಿಯನ್ನು ಶೇ 90ರಲ್ಲೇ ಬಿಡಿ. ಶೇ 97 ಎಂದು ಏರಿಸಿದರೆ ಪುನರಾವರ್ತನೆಯ ಹೊರೆ ಹಲವು ಪಟ್ಟು ಹೆಚ್ಚುತ್ತದೆ. ಪರೀಕ್ಷೆಗೆ ಮೂರು ವಾರ ಉಳಿದಿದ್ದರೆ ಕಾರ್ಡು ಮಾಡಲು ಕೂರುವುದೇ ಬೇಡ.

ಇನ್ನು ಪ್ರಶ್ನಾಭ್ಯಾಸ. ವಿಭಾಗದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಗಳಿದ್ದರೆ ಪಡೆಯಿರಿ. ಪರೀಕ್ಷಾ ಸಮಿತಿಯ ಪ್ರತಿ ಸದಸ್ಯರು ಕಲಿಸುವ ಕೋರ್ಸಿನ ಪಠ್ಯಕ್ರಮವನ್ನೂ ಅವರ ಇತ್ತೀಚಿನ ಎರಡು ಮೂರು ಲೇಖನಗಳನ್ನೂ ಓದಿ. ಪ್ರಶ್ನೆಗಳು ಎಲ್ಲಿಂದ ಹುಟ್ಟುತ್ತವೆಂದು ಅಲ್ಲೇ ಕಾಣುತ್ತದೆ. ಹದಿನೈದು ಪ್ರಶ್ನೆ ಬರೆದು ಮಾರ್ಗದರ್ಶಕರಿಗೆ ತೋರಿಸಿ. ಅವರು ತಿದ್ದುವ ರೀತಿಯೇ ದೊಡ್ಡ ಸುಳಿವು. ಪ್ರತಿ ಪ್ರಶ್ನೆಗೆ ಒಂದು ಪುಟದ ಚೌಕಟ್ಟು ಮಾಡಿ: ಒಂದು ವಾಕ್ಯದ ನಿಲುವು, ಮೂರು ಹೆಜ್ಜೆ, ಪ್ರತಿ ಹೆಜ್ಜೆಗೆ ಎರಡು ಮೂರು ಕೃತಿ, ಒಂದು ಬಲವಾದ ಪ್ರತಿವಾದ. ಆಮೇಲೆ ಅದನ್ನು ಮುಚ್ಚಿಟ್ಟು 45 ನಿಮಿಷ ಬರೆಯಿರಿ, ಇಲ್ಲವೇ ಮೂರು ನಿಮಿಷ ಮಾತಾಡಿ. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ. ಅದೇ ಪ್ರಶ್ನೆಗೆ ಮೂರು ದಿನ, ಒಂದು ವಾರ, ಎರಡು ವಾರ ಬಿಟ್ಟು ಮರಳಿ ಬನ್ನಿ.

ಇದರಿಂದ ಬರುವ ಫಲ ಮೊದಲ ವಾರ ಕಾಣುವುದಿಲ್ಲ, ಅನೇಕರು ಅಲ್ಲೇ ಕೈಬಿಡುತ್ತಾರೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದೂ ಇದನ್ನೇ: ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರೇ ಮುಂದು, ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದು. ವಿಷಯದ ನಕ್ಷೆ (ಪರಿಕಲ್ಪನೆಗಳನ್ನು ಗೆರೆಗಳಿಂದ ಜೋಡಿಸುವ ಚಿತ್ರ) ಬಿಡಿಸುವುದನ್ನು ಮೆಚ್ಚುವವರಿಗೆ 2011ರ ಕಾರ್ಪಿಕಿ–ಬ್ಲಂಟ್ ಪ್ರಯೋಗ ಮುಖ್ಯ. ವಾರದ ನಂತರ ನಕ್ಷೆ ಬಿಡಿಸುವ ಪರೀಕ್ಷೆಯನ್ನೇ ಕೊಟ್ಟಾಗಲೂ ನೆನಪಿನಿಂದ ಬರೆದು ಕಲಿತವರೇ ಚೆನ್ನಾಗಿ ಮಾಡಿದರು.

ಈ ವಿಧಾನಕ್ಕೂ ಎರಡು ಅಪಾಯಗಳಿವೆ. ಪಟ್ಟಿಯ ಮೂರನೇ ಒಂದು ಭಾಗವಾದರೂ ಓದುವ ಮೊದಲು ಶುರುಮಾಡಿದರೆ ಚೌಕಟ್ಟುಗಳು ಟೊಳ್ಳಾಗಿರುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು: ಸಿದ್ಧ ಉತ್ತರವನ್ನು ಬಾಯಿಪಾಠ ಮಾಡಿ ಬೇರೆ ಪ್ರಶ್ನೆಗೆ ಸುರಿಯುವುದು. ಪರೀಕ್ಷಕರು ಇದನ್ನು ತಕ್ಷಣ ಹಿಡಿಯುತ್ತಾರೆ. ಅದಕ್ಕಾಗಿ ಒಂದೇ ಚೌಕಟ್ಟನ್ನು ‘ಹೋಲಿಸಿ’, ‘ಖಂಡಿಸಿ’, ‘ಬೇರೆ ಕಾಲಕ್ಕೆ ಅನ್ವಯಿಸಿ’ ಎಂಬ ಮೂರು ರೂಪದ ಪ್ರಶ್ನೆಗಳಿಗೆ ಬಗ್ಗಿಸಿ ಅಭ್ಯಾಸ ಮಾಡಬೇಕು. ಮನೆಗೆ ಕೊಟ್ಟು ಮೂರು ದಿನದಲ್ಲಿ ಬರೆಯಿಸುವ ಪರೀಕ್ಷೆಯಾದರೆ ಕಂಠಪಾಠ ಅಷ್ಟು ಬೇಡ. ಉದ್ಧರಣೆ ಮತ್ತು ಪುಟ ಸಂಖ್ಯೆ ಚೌಕಟ್ಟಿನಲ್ಲೇ ಇರಲಿ.

ಮಾಕ್ ವೈವಾ, ಅಂದರೆ ಅಣಕು ಮೌಖಿಕ ಪರೀಕ್ಷೆ, ಒಬ್ಬರೇ ಮಾಡುವುದೋ, ಗೆಳೆಯರ ಜೊತೆಯೋ? ಒಬ್ಬರೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಉತ್ತರ ಎಲ್ಲಿ ಎಳೆಯುತ್ತದೆ ಎಂಬುದು ಗೊತ್ತಾಗುತ್ತದೆ, ಅಷ್ಟೇ. ಮರುಪ್ರಶ್ನೆ ಬರುವುದು ಎದುರಿಗೆ ಜನ ಇದ್ದಾಗ. ಆದರೆ ಗೆಳೆಯರು ಕನಿಕರದಿಂದ ಮೊದಲ ಉತ್ತರಕ್ಕೇ ಬಿಟ್ಟುಬಿಡುತ್ತಾರೆ. ಪ್ರತಿ ಉತ್ತರದ ಮೇಲೆ ಇನ್ನೆರಡು ಬಾರಿ ‘ಏಕೆ?’ ಕೇಳಲೇಬೇಕು ಎಂದು ಮೊದಲೇ ಗೊತ್ತುಮಾಡಿ; ಒಬ್ಬರು ಪ್ರಶ್ನೆಗಳನ್ನು ಇದ್ದ ಹಾಗೇ ಬರೆದುಕೊಳ್ಳಲಿ. ಬೇರೆ ವಿಷಯದವರೊಬ್ಬರು ಇರಲೇಬೇಕು. ‘ಈ ಪದಕ್ಕೆ ಏನರ್ಥ?’ ಎಂಬ ಮೂಲಭೂತ ಪ್ರಶ್ನೆಗೆ ತಡವರಿಸುವವರೇ ಹೆಚ್ಚು. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆಂದು ಒಪ್ಪಿ, ಗೊತ್ತಿರುವ ಹತ್ತಿರದ ಸಂಗತಿ ಹೇಳಿ, ಉತ್ತರ ಹುಡುಕುವ ದಾರಿ ತಿಳಿಸುವುದನ್ನೂ ಇಲ್ಲೇ ರೂಢಿಸಿಕೊಳ್ಳಿ. ಮಾರ್ಗದರ್ಶಕರ ಮುಂದಿನ ಮಾಕ್ ಎರಡು ಮೂರು ವಾರ ಮುಂಚೆಯೇ ಆಗಲಿ, ಕೊನೆಯ ಎರಡು ದಿನದಲ್ಲಿ ಸಿಕ್ಕ ಸಲಹೆಯನ್ನು ಜೀರ್ಣಿಸಿಕೊಳ್ಳಲು ಹೊತ್ತಿರುವುದಿಲ್ಲ.

ಪ್ರಸ್ತಾವ ಮಾದರಿಯ ಪರೀಕ್ಷೆಯಲ್ಲಿ ಪಾಲು ಬದಲಾಗುತ್ತದೆ. ಸಾರಾಂಶ 20–30 ಪ್ರಮುಖ ಲೇಖನಗಳಿಗೆ, ಕಾರ್ಡು ಕೋರ್ಸ್‌ವರ್ಕಿನ ಮೂಲ ತತ್ತ್ವಗಳಿಗೆ, ಉಳಿದ ಹೊತ್ತೆಲ್ಲ ಪ್ರಸ್ತಾವದ ಪ್ರತಿ ಉದ್ದೇಶದ ಮೇಲಿನ ಪ್ರಶ್ನೆಗಳಿಗೆ. ನಿರೀಕ್ಷಿತ ಗ್ರಾಫನ್ನು ಅಕ್ಷಗಳು, ಏಕಮಾನಗಳ ಸಮೇತ ಬೋರ್ಡಿನ ಮೇಲೆ ನೆನಪಿನಿಂದ ಬಿಡಿಸಿ, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ಸುಳ್ಳಾಗುತ್ತದೆಂದು ಪಕ್ಕದಲ್ಲೇ ಬರೆಯಿರಿ. ಎರಡನೇ ಉದ್ದೇಶ ಮೊದಲನೆಯದರ ಯಶಸ್ಸಿಗೆ ಕಟ್ಟುಬಿದ್ದಿದ್ದರೆ ಸಮಿತಿ ಅಲ್ಲೇ ಹಿಡಿಯುತ್ತದೆ. ಮೊದಲನೆಯದು ವಿಫಲವಾದರೂ ಎರಡನೆಯದು ನಡೆಯುವಂತೆ ಪ್ರಸ್ತಾವವನ್ನು ಸಲ್ಲಿಸುವ ಮೊದಲೇ ತಿದ್ದಿ.