ಒಂದು ಅಡಿಯ ಹಿತ್ತಾಳೆ ನಟರಾಜ: ಮೊದಲು ಮುಂದಿನ ಎಡಗೈ ನೋಡಿ

ಆನ್‌ಲೈನ್ ಅಂಗಡಿಗಳಲ್ಲಿ ನಟರಾಜನ ವಿಗ್ರಹ ಹುಡುಕಿದರೆ ಹೆಚ್ಚಾಗಿ ಸಿಗುವುದು ಒಂದೇ ಬಗೆಯ ಮಾಲು. ಹನ್ನೆರಡು ಇಂಚು ಎತ್ತರ, ಮಿರುಗುವ ಹಳದಿ ಹಿತ್ತಾಳೆ ಇಲ್ಲವೇ ಕಪ್ಪೇರಿಸಿದ ‘ಆಂಟಿಕ್’ ಫಿನಿಶ್, ಮರಳಚ್ಚಿನ ಎರಕ. ಷೋಕೇಸಿಗೆ ಇದು ಧಾರಾಳವಾಗಿ ಸಾಕು. ಆದರೆ ನಟರಾಜನಲ್ಲಿ ಅರ್ಥವೆಲ್ಲ ಇರುವುದು ಕೈಕಾಲುಗಳ ಭಂಗಿಯಲ್ಲಿ. ಎರಕ ಕೆಟ್ಟ ಕಡೆ ಅರ್ಥವೂ ಮಾಸಿರುತ್ತದೆ.

ಶೈವಾಗಮ ಹೇಳುವ ಪಂಚಕೃತ್ಯಗಳು, ಅಂದರೆ ಶಿವನ ಐದು ಕೆಲಸಗಳು, ಐದೂ ಈ ಒಂದು ಮೂರ್ತಿಯಲ್ಲಿ ಕಾಣಬೇಕು. ಹಿಂದಿನ ಬಲಗೈಯ ಡಮರು ಸೃಷ್ಟಿ, ಹಿಂದಿನ ಎಡಗೈಯ ಅಗ್ನಿ ಸಂಹಾರ, ಮುಂದಿನ ಬಲಗೈಯ ಅಭಯ ಸ್ಥಿತಿ. ಇವು ಮೂರೂ ಅಗ್ಗದ ವಿಗ್ರಹದಲ್ಲೂ ಒಂದು ಮಟ್ಟಿಗೆ ಸರಿಯಾಗಿಯೇ ಬರುತ್ತವೆ. ಅಗ್ನಿ ಮಾತ್ರ ಹಲವು ಸಲ ತಾವರೆ ಮೊಗ್ಗೋ ಉಂಡೆಯೋ ಆಗಿರುತ್ತದೆ. ಜ್ವಾಲೆಯ ನಾಲಿಗೆಗಳು ಬಿಡಿಬಿಡಿಯಾಗಿವೆಯೇ ಎಂದು ಫೋಟೋ ದೊಡ್ಡದು ಮಾಡಿ ನೋಡಿ.

ನಿಜವಾದ ಪರೀಕ್ಷೆ ಮುಂದಿನ ಎಡಗೈಯದು. ಗಜಹಸ್ತ ಎಂಬ ಈ ಕೈ ಎದೆಯ ಮುಂದೆ ಅಡ್ಡಹಾದು, ಆನೆಯ ಸೊಂಡಿಲಿನ ಹಾಗೆ ಇಳಿಬಿದ್ದು, ಎತ್ತಿದ ಎಡಗಾಲನ್ನು ತೋರಿಸಬೇಕು. ಆ ಕುಂಚಿತಪಾದವೇ ಅನುಗ್ರಹ; ಭಕ್ತನಿಗೆ ಆಶ್ರಯ ಅಲ್ಲಿ ಎಂದು ಕೈ ಹೇಳುತ್ತಿದೆ. ಮರಳಚ್ಚಿನಲ್ಲಿ ಕೈಗೂ ಎದೆಗೂ ನಡುವಿನ ಸಂದು ಬಿಡಿಸುವುದು ಕಷ್ಟ, ಮಾದರಿಯನ್ನು ಎಳೆಯುವಾಗ ಮರಳು ಕುಸಿಯುತ್ತದೆ. ಹಾಗಾಗಿ ಆ ಸಂದನ್ನೇ ಮುಚ್ಚಿ, ಕೈಯನ್ನು ಎದೆಗೆ ಅಂಟಿಸಿ ಎರೆದುಬಿಡುತ್ತಾರೆ. ಬೆರಳುಗಳು ಪಾದವನ್ನು ಬಿಟ್ಟು ಇನ್ನೆಲ್ಲೋ ನೋಡುತ್ತಿರುತ್ತವೆ. ಪಕ್ಕದಿಂದ ತೆಗೆದ ಫೋಟೋ ಕೇಳಿ. ಕೈ ಮತ್ತು ಎದೆಯ ನಡುವೆ ಬೆಳಕು ಕಂಡರೆ ಕೊಳ್ಳಬಹುದು.

ಎರಡನೆಯದು ಬಲಗಾಲ ಕೆಳಗಿನ ಅಪಸ್ಮಾರ. ಅಗ್ಗದ ಎರಕದಲ್ಲಿ ಇವನು ಬರೀ ಒಂದು ದಿಂಬು: ಮುಖವಿಲ್ಲ, ಬೆರಳಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ‘ಶಿವನು ಕೊಂದ ರಾಕ್ಷಸ’ ಎಂದು ಅಚ್ಚಾಗಿದ್ದರೆ ಅದೂ ತಪ್ಪೇ. ಅಪಸ್ಮಾರ ಅಜ್ಞಾನ, ಮರೆವು. ಶಿವ ಅವನನ್ನು ತುಳಿದು ಹಿಡಿದಿದ್ದಾನೆ, ಕೊಂದಿಲ್ಲ. ಊರಿದ ಆ ಪಾದ ಪಂಚಕೃತ್ಯಗಳಲ್ಲಿ ಉಳಿದ ತಿರೋಭಾವಕ್ಕೆ, ಅಂದರೆ ಮರೆಮಾಡುವಿಕೆಗೆ, ಸೇರಿದ್ದು. ಒಳ್ಳೆಯ ಮೂರ್ತಿಯಲ್ಲಿ ಅವನು ತಲೆಯೆತ್ತಿ, ಕಣ್ಣು ಬಿಟ್ಟು, ಜೀವಂತವಾಗಿರುತ್ತಾನೆ. ಅಜ್ಞಾನ ಸಾಯುವುದಿಲ್ಲ, ಹತೋಟಿಯಲ್ಲಿಡಬೇಕು ಎಂಬ ಪಾಠ ಅವನ ಮುಖ ಕಂಡರೆ ಮಾತ್ರ ತಲುಪುತ್ತದೆ. (ಬಾದಾಮಿಯ ಮೊದಲನೇ ಗುಹೆಯ ಹದಿನೆಂಟು ಕೈಗಳ ಶಿವನ ಕಾಲಡಿ ಅಪಸ್ಮಾರನೇ ಇಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಚೋಳರ ಕಂಚಿನ, ಚಿದಂಬರದ ಆನಂದ ತಾಂಡವದ ಮಾದರಿ.)

ಕಿವಿಗಳನ್ನೂ ನೋಡಿ. ಬಲಕ್ಕೆ ಮಕರಕುಂಡಲ, ಎಡಕ್ಕೆ ಹೆಂಗಸರ ದುಂಡನೆಯ ಓಲೆ ಇರಬೇಕು, ಎಡಭಾಗ ದೇವಿಯದು. ಎರಡೂ ಒಂದೇ ಥರ ಇದ್ದರೆ ಮಾದರಿ ಮಾಡಿದವರಿಗೆ ವಿಷಯ ಗೊತ್ತಿರಲಿಲ್ಲ. ಬಲಗಡೆಯ ಜಟೆಯಲ್ಲಿ ಕೈಮುಗಿದ ಪುಟ್ಟ ಗಂಗೆ ಈ ಗಾತ್ರದಲ್ಲಿ ಗುಳ್ಳೆಯಾಗಿ ಉಳಿದಿರುತ್ತಾಳೆ. ಅದನ್ನು ಕ್ಷಮಿಸಬಹುದು.

ಇನ್ನು ‘ಪಂಚಲೋಹ’ ಎಂಬ ಲೇಬಲ್. ತಮಿಳುನಾಡಿನ ಸ್ವಾಮಿಮಲೆಯ ಸ್ಥಪತಿಗಳ ಮಿಶ್ರಣದಲ್ಲಿ ತಾಮ್ರವೇ ಬಹುಪಾಲು. ಹಿತ್ತಾಳೆ, ಸೀಸ ಸ್ವಲ್ಪ, ಬೆಳ್ಳಿ ಬಂಗಾರ ಹೆಸರಿಗಷ್ಟೇ. ಬಣ್ಣ ಕೆಂಪು ಬೆರೆತ ಕಂದು. ನಿಂಬೆಹಳದಿಯಾಗಿ ಹೊಳೆಯುವುದು ಹಿತ್ತಾಳೆಯೇ ಹೊರತು ಪಂಚಲೋಹವಲ್ಲ. ಅಲ್ಲಿ ಮೇಣದ ಮೂರ್ತಿಗೆ ಕಾವೇರಿಯ ಮೆಕ್ಕಲು ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುತ್ತಾರೆ, ಅಚ್ಚನ್ನು ಒಡೆಯುತ್ತಾರೆ; ಎರಡನೇ ಪ್ರತಿ ಬರುವುದಿಲ್ಲ. ಕೈಯಡಿಯ ಸಂದು ಸಲೀಸಾಗಿ ಬರುವುದೂ ಇದೇ ಕಾರಣಕ್ಕೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಈ ಮೇಣದೆರಕವನ್ನು, ಮೇಣದ ತೂಕ ನೋಡಿ ಲೋಹ ಅಳೆಯುವ ಲೆಕ್ಕದ ಸಮೇತ, ವಿವರಿಸಿದ್ದಾನೆ. ಬೆಲೆ ಹಿತ್ತಾಳೆಯದಕ್ಕಿಂತ ಹಲವು ಪಟ್ಟು. ಪೂಜೆಗೆ ತರುವವರು ಅದಕ್ಕೇ ಕಾಯುವುದು ಮೇಲು.

ತಾಂಡವಮೂರ್ತಿ ಮನೆಯಲ್ಲಿದ್ದರೆ ಜಗಳ ಎಂದು ಕೆಲವರು ಹಿಂಜರಿಯುತ್ತಾರೆ. ಇದು ಆನಂದ ತಾಂಡವ, ರೌದ್ರವಲ್ಲ. ಕೈಕಾಲು ಎಷ್ಟೇ ವೇಗದಲ್ಲಿದ್ದರೂ ಮುಖ ನಿಶ್ಚಲ, ತುಟಿಯಂಚಲ್ಲಿ ನಗು. ಹುಬ್ಬು ಗಂಟಿಕ್ಕಿದ ಮುಖದ ಮಾಲು ಬಂದರೆ ಹಿಂದಿರುಗಿಸಿ, ಅದು ಶಿಲ್ಪದ ದೋಷ.

ಬಂದ ಕೂಡಲೇ ಪ್ರಭಾವಳಿ ಪೀಠಕ್ಕೆ ಕೂರುವ ಜಾಗ, ಊರಿದ ಕಾಲಿನ ಕಣಕಾಲು, ಹಿಂದಿನ ಕೈಗಳ ಮಣಿಕಟ್ಟು ನೋಡಿ. ಸಾಗಣೆಯಲ್ಲಿ ಪೆಟ್ಟು ಬೀಳುವುದು ಅಲ್ಲೇ. ಬಾಗಿದ ಪ್ರಭಾವಳಿಯನ್ನು ಕೈಯಿಂದ ನೆಟ್ಟಗೆ ಮಾಡಲು ಹೋಗಬೇಡಿ, ಎರಕದ ಹಿತ್ತಾಳೆ ಬಾಗುವ ಬದಲು ಮುರಿಯಬಹುದು. ಪ್ರಭಾವಳಿ ಬೇರೆಯಾಗಿ ಬಂದು ಸ್ಕ್ರೂ ಹಾಕುವಂತಿದ್ದರೆ ಅದು ಲೋಪವಲ್ಲ.

ಹೊಳಪಿನ ಫಿನಿಶ್‌ಗೆ ನೆನೆಸಿದ ಹುಣಸೆಹಣ್ಣು ಹಚ್ಚಿ ಐದು ನಿಮಿಷದೊಳಗೆ ತೊಳೆಯಿರಿ. ಬಹಳ ಹೊತ್ತು ಬಿಟ್ಟರೆ ಹುಳಿಗೆ ಸತು ಕರಗಿ ಅಲ್ಲಲ್ಲಿ ತಾಮ್ರದ ಗುಲಾಬಿ ಕಲೆ ಏಳುತ್ತದೆ. ಜ್ವಾಲೆಗಳ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನೀರು ಪೀಠದ ಕೀಲಿನಲ್ಲಿ ನಿಂತರೆ ಹಸಿರು ಕಿಲುಬು ಹಿಡಿಯುತ್ತದೆ, ಆದ್ದರಿಂದ ತಲೆಕೆಳಗು ಮಾಡಿ ಒಣಗಿಸಿ. ಆಂಟಿಕ್ ಫಿನಿಶ್‌ಗೆ ಹುಣಸೆ, ಪೀತಾಂಬರಿ ಎರಡೂ ಬೇಡ; ಕಪ್ಪು ತೇಪೆತೇಪೆಯಾಗಿ ಎದ್ದುಹೋಗುತ್ತದೆ. ಒಣಬಟ್ಟೆ ಸಾಕು.

ಈ ಬಗೆಯ ಹಿತ್ತಾಳೆ ವಿಗ್ರಹಕ್ಕೆ ಐದಕ್ಕೆ ಮೂರು ಅಂಕ. ಎಡಗೈ ಬಿಡಿಯಾಗಿ, ಅಪಸ್ಮಾರನಿಗೆ ಮುಖವಿದ್ದರೆ ನಾಲ್ಕು.