ಲೈಬ್ರರಿಯ ಸಿಟಿಜನ್‌ಶಿಪ್ ಕ್ಲಾಸ್: ಅಮ್ಮನ ಪಕ್ಕ ಹತ್ತು ವಾರ ಕೂತು ನೋಡಿದ್ದು

ನ್ಯೂಜೆರ್ಸಿಯಲ್ಲಿ ಅಪ್ಪ ಅಮ್ಮನ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿರುವ ಅಥವಾ ಹಾಕೋಣ ಅಂತಿರುವ ಕನ್ನಡದವರು ಇದನ್ನು ಓದಿ. ನಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಿಟಿಜನ್‌ಶಿಪ್ ಕ್ಲಾಸ್ ನಡೆಯುತ್ತದೆ. ಸಿಟಿಜನ್ ಆಗುವವರು ಇಂಟರ್ವ್ಯೂನಲ್ಲಿ ಕೊಡಬೇಕಾದ ಇಂಗ್ಲಿಷ್ ಮತ್ತು ಇಲ್ಲಿನ ಸರ್ಕಾರ, ಇತಿಹಾಸದ ಪರೀಕ್ಷೆಗೆ ಇದು ತಯಾರಿ. ಒಟ್ಟು 10 ವಾರ. ಫೀಸ್ ಇಲ್ಲ. ಪಾಠ ಮಾಡುವವರು ರಿಟೈರ್ ಆದ ಸ್ಕೂಲ್ ಟೀಚರ್, ಸಂಬಳ ಇಲ್ಲದೆ ಬರುತ್ತಾರೆ. ಅಮ್ಮ ಮೊದಲ ದಿನದಿಂದಲೇ ಅವರನ್ನು ‘ಮಿಸ್’ ಅಂತ ಕರೆದರು, ಆಮೇಲೆ ಇಡೀ ಕ್ಲಾಸೇ ಹಾಗೆ ಕರೆಯೋಕೆ ಶುರು ಮಾಡಿತು.

ಅಮ್ಮನಿಗೆ 63 ವರ್ಷ. ಹಾಸನದ ಹತ್ತಿರದ ಹಳ್ಳಿಯವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ನಮ್ಮಲ್ಲಿ ಬಹಳ ಜನ ಒಂದು ವಿಷಯ ತಪ್ಪು ತಿಳಿದಿದ್ದಾರೆ. ವಯಸ್ಸಾದವರಿಗೆ ಇಂಗ್ಲಿಷ್ ಬೇಡ ಅಂತ ಸುಮ್ನೆ ಹೇಳಿಬಿಡುತ್ತಾರೆ. ಹಾಗಿಲ್ಲ. 50 ದಾಟಿ ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿರಬೇಕು, ಇಲ್ಲ 55 ದಾಟಿ 15 ವರ್ಷ ಆಗಿರಬೇಕು. ಆಗ ಮಾತ್ರ ನಮ್ಮ ಭಾಷೆಯಲ್ಲಿ, ಇಂಟರ್‌ಪ್ರೆಟರ್ ಜೊತೆ ಪರೀಕ್ಷೆ ಕೊಡಬಹುದು. ಅಮ್ಮ ಬಂದು ಆಗಿದ್ದು ಬರೀ ಐದು ವರ್ಷ ಚಿಲ್ಲರೆ. ಹಾಗಾಗಿ ಓದೋದು, ಬರೆಯೋದು, ಮಾತಾಡೋದು ಎಲ್ಲ ಇಂಗ್ಲಿಷಿನಲ್ಲೇ.

ಮೊದಲು ನಾನು ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತಗೊಂಡಿದ್ದೆ. ಅದರಲ್ಲಿ ಪ್ರಶ್ನೆ ಬರುತ್ತದೆ, ಉತ್ತರ ಬರುತ್ತದೆ, ಮುಗೀತು. ಅಮ್ಮ ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದರು. ಪ್ರಶ್ನೆಯ ಮಾತು ಒಂಚೂರು ಬದಲಾದರೆ ಗಪ್‌ಚುಪ್. ಲೈಬ್ರರಿ ಕ್ಲಾಸು ಬೇರೆ ಅಂತ ಗೊತ್ತಾಗಿದ್ದು ಎರಡನೇ ಶನಿವಾರ.

ಆವತ್ತಿನ ಪ್ರಶ್ನೆ, ಪ್ರತಿ ರಾಜ್ಯಕ್ಕೂ ಇಬ್ಬರೇ ಸೆನೆಟರ್ ಯಾಕೆ? (ಇಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್, ಅದರ ಮೇಲ್ಮನೆ ಸೆನೆಟ್, ಕೆಳಮನೆ ಹೌಸ್.) ಮಿಸ್ ಉತ್ತರ ಹೇಳಲಿಲ್ಲ. ಕ್ಲಾಸನ್ನು ಎರಡು ಗುಂಪು ಮಾಡಿದರು. ಒಂದು ಕಡೆ ಹದಿನಾಲ್ಕು ಜನ, ಇನ್ನೊಂದು ಕಡೆ ನಾಲ್ಕು ಜನ. ಮುಂದಿನ ವಾರ ಟೀ ಬ್ರೇಕ್ ಎಷ್ಟು ಹೊತ್ತಿಗೆ ಅಂತ ತೀರ್ಮಾನ ಮಾಡಿ ಅಂದರು. ದೊಡ್ಡ ಗುಂಪು ತಲೆಗೊಂದು ಓಟು ಅಂದಿತು. ಸಣ್ಣ ಗುಂಪು ಗುಂಪಿಗೊಂದು ಓಟು ಅಂತ ಹಟ ಹಿಡಿಯಿತು. ಅಮ್ಮ ಸಣ್ಣ ಗುಂಪಿನಲ್ಲಿದ್ದರು, ಅವರ ದನಿ ಅಷ್ಟು ಜೋರಾಗಿದ್ದನ್ನು ನಾನು ಈ ದೇಶದಲ್ಲಿ ಮೊದಲ ಸಲ ಕೇಳಿದೆ. ಹತ್ತು ನಿಮಿಷ ಕಿತ್ತಾಡಿದ ಮೇಲೆ ಮಿಸ್ ಹೇಳಿದರು: 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಆಗಿದ್ದೂ ಇದೇ. ವರ್ಜೀನಿಯಾದಂಥ ದೊಡ್ಡ ರಾಜ್ಯ ಜನಸಂಖ್ಯೆ ಲೆಕ್ಕ ಕೇಳಿತು. ಎಲ್ಲ ರಾಜ್ಯಕ್ಕೂ ಸಮ ಇರಲಿ ಅಂತ ಹೋರಾಡಿದ್ದು ನಮ್ಮದೇ ನ್ಯೂಜೆರ್ಸಿ, ಆ ವಾದ ಮುಂದಿಟ್ಟವರು ವಿಲಿಯಂ ಪ್ಯಾಟರ್ಸನ್. ನಾವು ದಿನಾ ಬೋರ್ಡ್ ನೋಡುವ ಪ್ಯಾಟರ್ಸನ್ ಊರಿಗೆ ಹೆಸರು ಬಂದಿದ್ದು ಅವರಿಂದ. ಕೊನೆಗೆ ರಾಜಿ ಆಯಿತು. ಹೌಸ್‌ನಲ್ಲಿ ಜನಸಂಖ್ಯೆ ಲೆಕ್ಕ, ಸೆನೆಟ್‌ನಲ್ಲಿ ಎಲ್ಲರಿಗೂ ಎರಡು. ಅದಕ್ಕೇ ಇವತ್ತು ನ್ಯೂಜೆರ್ಸಿಗೆ ಹೌಸ್‌ನಲ್ಲಿ 12 ಸೀಟು, ಸೆನೆಟ್‌ನಲ್ಲಿ 2.

ಮನೆಗೆ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದರು, ‘ಅಲ್ವೇ ಪುಟ್ಟಿ, ನಮ್ಮ ರಾಜ್ಯಸಭೆ ಹಿಂಗಿಲ್ಲ ಅಲ್ವಾ?’ ಇಲ್ಲ. ಕರ್ನಾಟಕಕ್ಕೆ 12, ಉತ್ತರ ಪ್ರದೇಶಕ್ಕೆ 31. ಮೂವತ್ತೈದು ವರ್ಷಕ್ಕೂ ಜಾಸ್ತಿ ಓಟು ಹಾಕಿದ ಅಮ್ಮನಿಗೂ ನನಗೂ ಇದು ಹೊಳೆದೇ ಇರಲಿಲ್ಲ. ಅಮೆರಿಕದ ಪಾಠ ಕೇಳುತ್ತಾ ನಮ್ಮ ಊರಿನದೂ ಅರ್ಥ ಆಗುತ್ತಿತ್ತು.

ಇನ್ನೊಂದು ದಿನ ಅಮ್ಮ ಕೈ ಎತ್ತಿ, ಇಲ್ಲಿನ ಮಂತ್ರಿಗಳು ಯಾವ ಕ್ಷೇತ್ರದಿಂದ ಗೆದ್ದು ಬಂದವರು ಅಂತ ಕೇಳಿದರು. ಮಿಸ್ ತುಂಬಾ ಖುಷಿಪಟ್ಟರು. ಇಲ್ಲಿ ಪ್ರೆಸಿಡೆಂಟ್ ಕಾಂಗ್ರೆಸ್ ಸದಸ್ಯರಲ್ಲ, ಕ್ಯಾಬಿನೆಟ್‌ನಲ್ಲಿರುವವರೂ ಅಲ್ಲಿ ಸದಸ್ಯರಾಗಿರುವ ಹಾಗಿಲ್ಲ. ಸೆನೆಟರ್ ಒಬ್ಬರು ಮಂತ್ರಿ ಆಗಬೇಕಾದರೆ ಸೆನೆಟ್ ಸ್ಥಾನ ಬಿಡಬೇಕು. ಕಾಂಗ್ರೆಸ್ ಕಾನೂನು ಮಾಡುತ್ತದೆ, ಪ್ರೆಸಿಡೆಂಟ್ ವೀಟೊ ಹಾಕಬಹುದು, ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಓಟು ಬಿದ್ದರೆ ಆ ವೀಟೊನೂ ಬಿದ್ದುಹೋಗುತ್ತದೆ, ಕಾನೂನೇ ಸಂವಿಧಾನಕ್ಕೆ ವಿರುದ್ಧ ಅನ್ನಿಸಿದರೆ ಸುಪ್ರೀಂ ಕೋರ್ಟಿನ ಒಂಬತ್ತು ಜನ ಅದನ್ನು ತಳ್ಳಿಹಾಕಬಹುದು. ಮುಖ್ಯಮಂತ್ರಿ ಎಂದರೆ ವಿಧಾನಸಭೆಯಲ್ಲಿ ಬಹುಮತ ಇರುವವರು ಅಂತ ಬೆಳೆದ ನಮಗೆ ಇದು ನಿಜವಾಗಲೂ ಹೊಸ ವಿಷಯ. ಒಂದು ಸಲ ಹೀಗೆ ಅರ್ಥ ಆದ ಮೇಲೆ ‘ಚೆಕ್ಸ್ ಆಂಡ್ ಬ್ಯಾಲೆನ್ಸಸ್’ ಅನ್ನುವ ಉತ್ತರವನ್ನು ಅಮ್ಮ ಮರೆಯಲೇ ಇಲ್ಲ.

ಈಗ ಕೊರತೆ ಹೇಳುತ್ತೇನೆ. ಇದು ಸಣ್ಣದಲ್ಲ. ಮೊದಲ ಮೂರು ವಾರ ಹಂಚಿದ ಹಾಳೆಗಳೆಲ್ಲ ಹಳೇ 100 ಪ್ರಶ್ನೆಗಳದ್ದು. ಆದರೆ 2025ರ ಅಕ್ಟೋಬರ್ 20 ಅಥವಾ ಅದರ ನಂತರ ಎನ್-400, ಅಂದರೆ ಸಿಟಿಜನ್‌ಶಿಪ್ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ಪಟ್ಟಿಯಲ್ಲಿ 128 ಪ್ರಶ್ನೆ, ಕೇಳುವುದು 20, ಪಾಸಾಗಲು 12 ಸರಿ ಇರಬೇಕು. ಹಳೆಯದರಲ್ಲಿ ಕೇಳುತ್ತಿದ್ದದ್ದು 10, ಬೇಕಾಗಿದ್ದು 6. ನಾವು ಅರ್ಜಿ ಹಾಕಿದ್ದು ನವೆಂಬರ್‌ನಲ್ಲಿ. ನಾನು ಇಮಿಗ್ರೇಶನ್ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟ್ ನೋಡಿ ಹೇಳದೇ ಇದ್ದಿದ್ದರೆ ಅಮ್ಮ ಇಡೀ ಜನವರಿ ತಪ್ಪು ಪಟ್ಟಿ ಓದಿರುತ್ತಿದ್ದರು. ಮಿಸ್ ಕ್ಷಮೆ ಕೇಳಿ ನಾಲ್ಕನೇ ವಾರ ಎರಡೂ ಪಟ್ಟಿ ತಂದರು, ಅದನ್ನೂ ಹೇಳಬೇಕು. ಆದರೂ ಬಿಟ್ಟಿ ಕ್ಲಾಸ್ ಅಂತ ಇಂಥದ್ದನ್ನು ನಾನು ಬಿಟ್ಟುಕೊಡುವುದಿಲ್ಲ. 710 ಡಾಲರ್ ಕಟ್ಟಿ ಆನ್‌ಲೈನ್ ಅರ್ಜಿ ಹಾಕಿರುತ್ತೀವಿ, ವಯಸ್ಸಾದವರು ರಾತ್ರಿ ನಿದ್ದೆಗೆಟ್ಟು ಓದುತ್ತಾರೆ. ನೀವು ಯಾವ ಕ್ಲಾಸಿಗೆ ಸೇರಿದರೂ ಮೊದಲ ದಿನವೇ ಅರ್ಜಿ ಹಾಕಿದ ತಾರೀಖು ಹೇಳಿ ಯಾವ ಪಟ್ಟಿ ಅಂತ ಕೇಳಿ. 65 ದಾಟಿ 20 ವರ್ಷ ಗ್ರೀನ್ ಕಾರ್ಡ್ ಇರುವವರಿಗೆ ಬೇರೆಯೇ 20 ಪ್ರಶ್ನೆಗಳ ಸಣ್ಣ ಪಟ್ಟಿ ಇದೆ, ಅದರ ಹಾಳೆ ಇಲ್ಲಿ ಕೊನೆವರೆಗೂ ಸಿಗಲಿಲ್ಲ.

ನಿಮ್ಮ ರಾಜ್ಯದ ಗವರ್ನರ್ ಯಾರು ಅನ್ನುವ ಪ್ರಶ್ನೆಯ ವಿಷಯವೂ ಅಷ್ಟೇ. ಅಮ್ಮನ ನೋಟ್‌ಬುಕ್ಕಿನಲ್ಲಿ ‘ಫಿಲ್ ಮರ್ಫಿ’ ಅಂತ ಕನ್ನಡದಲ್ಲಿ ಬರೆದಿದ್ದನ್ನು ಜನವರಿಯಲ್ಲಿ ಗವರ್ನರ್ ಬದಲಾದಾಗ ಕೆಂಪು ಪೆನ್ನಿನಿಂದ ಹೊಡೆದು ಮೇಲೆ ‘ಮಿಕಿ ಶೆರಿಲ್’ ಅಂತ ಬರೆದಿದ್ದಾರೆ. ಇಂಟರ್ವ್ಯೂ ದಿನ ಯಾರು ಇರುತ್ತಾರೋ ಅವರ ಹೆಸರೇ ಹೇಳಬೇಕು.

ಕ್ಲಾಸಿನ ಬೆಸ್ಟ್ ಭಾಗ ಅಂದರೆ ಆರು ಮತ್ತು ಏಳನೇ ವಾರ. ನಾಗರಿಕರ ಜವಾಬ್ದಾರಿ ಅನ್ನುವ ಪಾಠ. ಪುಸ್ತಕದಲ್ಲಿ ಎರಡು ಸಾಲು ಇದೆ: ಓಟು ಹಾಕೋದು, ಜ್ಯೂರಿಯಲ್ಲಿ ಕೂರೋದು. ಮಿಸ್ ಅದಕ್ಕೆ ನಾಲ್ಕು ಗಂಟೆ ಕೊಟ್ಟರು.

ಮೊದಲು ಹಿಂದಿನ ಚುನಾವಣೆಗೆ ತಮ್ಮ ಮನೆಗೆ ಅಂಚೆಯಲ್ಲಿ ಬಂದಿದ್ದ ಸ್ಯಾಂಪಲ್ ಬ್ಯಾಲೆಟ್ ತಂದು ಟೇಬಲ್ ಮೇಲೆ ಹಾಸಿದರು. ಗವರ್ನರ್ ಮೇಲ್ಗಡೆ. ಆಮೇಲೆ ಅಸೆಂಬ್ಲಿ, ಕೌಂಟಿ ಕಮಿಷನರ್, ಊರಿನ ಕೌನ್ಸಿಲ್, ಕೊನೆಗೆ ಸ್ಕೂಲ್ ಬೋರ್ಡ್. ಅಮ್ಮ ಸ್ಕೂಲ್ ಬೋರ್ಡ್ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಯಾಕೆ ಪಾರ್ಟಿ ಹೆಸರು ಇಲ್ಲ ಅಂದರು. ಸ್ಕೂಲ್ ಬೋರ್ಡ್ ಚುನಾವಣೆ ಇಲ್ಲಿ ಪಾರ್ಟಿ ಇಲ್ಲದೆ ನಡೆಯುತ್ತದೆ. ‘ಓ, ನಮ್ಮ ಗ್ರಾಮ ಪಂಚಾಯಿತಿ ಇದ್ದಂಗೆ’ ಅಂದರು ಅಮ್ಮ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಿಸ್ ಬೋರ್ಡಿನ ಮೇಲೆ ‘ಪಂಚಾಯತ್’ ಅಂತ ಬರೆಸಿಕೊಂಡು, ಅಮ್ಮನನ್ನು ಮುಂದೆ ನಿಲ್ಲಿಸಿ ಐದು ನಿಮಿಷ ವಿವರಿಸೋಕೆ ಹೇಳಿದರು. ಅಮ್ಮ ತಮ್ಮ ಇಂಗ್ಲಿಷಿನಲ್ಲೇ ಹೇಳಿದರು. ನಾನು ಬಾಯಿ ಹಾಕಲಿಲ್ಲ.

ಅದೇ ದಿನ ಬಂದ ಒಂದು ಕಥೆ ನನಗೆ ಮರೆಯೋಕಾಗಲ್ಲ. ಇದೇ ನ್ಯೂಜೆರ್ಸಿಯಲ್ಲಿ 1776ರ ಸಂವಿಧಾನದ ಪ್ರಕಾರ ಆಸ್ತಿ ಇದ್ದ ಹೆಂಗಸರು ಓಟು ಹಾಕುತ್ತಿದ್ದರು. 1807ರಲ್ಲಿ ಆ ಹಕ್ಕನ್ನು ಕಿತ್ತುಕೊಂಡರು. ಮತ್ತೆ ದೇಶಕ್ಕೆಲ್ಲ ಬಂದಿದ್ದು 1920ರಲ್ಲಿ, 19ನೇ ತಿದ್ದುಪಡಿಯಿಂದ. ಕೊಟ್ಟ ಹಕ್ಕು ಹಾಗೇ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಕ್ಲಾಸಿನಲ್ಲಿದ್ದ ಹೆಂಗಸರೆಲ್ಲ ಪೆನ್ನು ಕೆಳಗಿಟ್ಟು ಕೇಳಿದರು.

ಜ್ಯೂರಿ ಅಂದಾಗ ಅಮ್ಮನಿಗೆ ಭಯ. ಕೋರ್ಟ್ ಮೆಟ್ಟಿಲು ಹತ್ತಬಾರದು ಅಂತ ನಮ್ಮ ಮನೆಯಲ್ಲಿ ಹೇಳಿ ಬೆಳೆಸಿದ್ದಲ್ವಾ. ಮಿಸ್ ತಾವು ಜ್ಯೂರಿಯಲ್ಲಿ ಕೂತಿದ್ದ ಕೇಸಿನ ಬಗ್ಗೆ ಹೇಳಿದರು: ವಕೀಲರಲ್ಲದ, ಒಬ್ಬರಿಗೊಬ್ಬರು ಗುರುತಿಲ್ಲದ ಹನ್ನೆರಡು ಜನ ಒಂದು ರೂಮಿನಲ್ಲಿ ಕೂತು, ಒಬ್ಬ ಮನುಷ್ಯ ತಪ್ಪಿತಸ್ಥನಾ ಅಲ್ಲವಾ ಅಂತ ಎಲ್ಲರೂ ಒಪ್ಪುವವರೆಗೆ ಮಾತಾಡಿದ್ದು. ಆಮೇಲೆ ಒಂದು ಮುಖ್ಯ ಎಚ್ಚರಿಕೆ ಕೊಟ್ಟರು. ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ಪಟ್ಟಿಗಳಿಂದಲೂ ಜ್ಯೂರಿಗೆ ಹೆಸರು ತೆಗೆಯುವುದರಿಂದ ಗ್ರೀನ್ ಕಾರ್ಡ್ ಇರುವವರಿಗೂ ಕಾಗದ ಬರಬಹುದು. ಎಸೆಯಬೇಡಿ, ಹೋಗಿ ಕೂರಲೂಬೇಡಿ, ಸಿಟಿಜನ್ ಅಲ್ಲ ಅಂತ ಉತ್ತರ ಕಳಿಸಿ. ಓಟಿನ ವಿಷಯದಲ್ಲಂತೂ ಇನ್ನೂ ಹುಷಾರು. ಲೈಸೆನ್ಸ್ ಮಾಡಿಸುವಾಗ ಗೊತ್ತಿಲ್ಲದೆ ವೋಟರ್ ಅಂತ ಹೆಸರು ಸೇರಿಸಿಕೊಂಡರೆ, ಅಥವಾ ಸಿಟಿಜನ್ ಆಗುವ ಮೊದಲೇ ಓಟು ಹಾಕಿದರೆ ಅರ್ಜಿಗೆ ಕುತ್ತು ಬರುತ್ತದೆ, ದೇಶದಿಂದ ಕಳಿಸುವ ಮಟ್ಟಕ್ಕೂ ಹೋಗಬಹುದು. ಟ್ರಕ್ ಓಡಿಸುವ ಒಬ್ಬರು ಜೇಬಿನಿಂದ ಮಡಿಸಿದ್ದ ಜ್ಯೂರಿ ಕಾಗದ ತೆಗೆದು ತೋರಿಸಿದರು, ತಿಂಗಳಿಂದ ಹೆದರಿ ಇಟ್ಟುಕೊಂಡಿದ್ದರಂತೆ. ಮಿಸ್ ಪಕ್ಕದಲ್ಲೇ ಕೂತು ಅದನ್ನು ತುಂಬಿಸಿದರು.

ಇಂಗ್ಲಿಷ್ ಬರವಣಿಗೆಗೆ ಕೊಟ್ಟ ಸಮಯ ಕಡಿಮೆ. ಪರೀಕ್ಷೆಯಲ್ಲಿ ಮೂರು ವಾಕ್ಯದೊಳಗೆ ಒಂದನ್ನು ಸರಿಯಾಗಿ ಓದಬೇಕು, ಒಂದನ್ನು ಬರೆಯಬೇಕು, ಅಷ್ಟೇ. ಆದರೂ ನಮ್ಮವರಿಗೆ ಕಷ್ಟ ಅಲ್ಲೇ. ಮಿಸ್ ‘ಫೆಬ್ಯುಎರಿ’ ಅನ್ನುತ್ತಿದ್ದರು, ಅರ್ಧ ಕ್ಲಾಸು ಒಂದಕ್ಷರ ಬಿಟ್ಟು ಬರೆಯುತ್ತಿತ್ತು. ಅಮ್ಮ ಮಾತ್ರ ಬಿಡಲಿಲ್ಲ. ‘ಫೆಬ್ರವರಿ’ಯಲ್ಲಿ ಬಕ್ಕೆ ರ ಒತ್ತು ಇದೆಯಲ್ಲ, ಅದನ್ನು ನೆನೆಸಿಕೊಂಡು ಬರೆಯುತ್ತಿದ್ದರು. ಉಳಿದ ಪದಗಳನ್ನು ಮನೆಯಲ್ಲಿ ನಾನೇ ದಿನಾ ಉಕ್ತಲೇಖನ ಹಾಕಿ ಬರೆಸಿದೆ. ಇಂಗ್ಲಿಷ್ ಅಕ್ಷರವೇ ಕಷ್ಟ ಇರುವವರು ಬೇರೆ ಇಂಗ್ಲಿಷ್ ಕ್ಲಾಸಿಗೂ ಹೋಗುವುದು ಒಳ್ಳೆಯದು, ಇದೊಂದೇ ಸಾಲದು.

ಏಪ್ರಿಲ್‌ನಲ್ಲಿ ಇಂಟರ್ವ್ಯೂ ಆಯಿತು. ಹದಿಮೂರನೇ ಪ್ರಶ್ನೆಗೆ ನಿಲ್ಲಿಸಿಬಿಟ್ಟರು. ಫೇಲ್ ಅಂತ ಅಮ್ಮನ ಎದೆ ಧಸಕ್ ಅಂದಿತಂತೆ. 12 ಸರಿ ಆದ ಕೂಡಲೇ ನಿಲ್ಲಿಸುತ್ತಾರೆ. ಇದನ್ನು ಕ್ಲಾಸಿನಲ್ಲಿ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಸೆನೆಟರ್ ಯಾಕೆ ಇಬ್ಬರು ಅನ್ನುವ ಪ್ರಶ್ನೆ ಬಂದಿತ್ತಂತೆ. ಅಮ್ಮ ಉತ್ತರದ ಜೊತೆಗೆ ಪ್ಯಾಟರ್ಸನ್ ಹೆಸರನ್ನೂ ಹೇಳಿ ಬಂದಿದ್ದಾರೆ.

ಪಾಸಾದ ರಾತ್ರಿ ಅಮ್ಮ ಭಾರತದ ಪಾಸ್‌ಪೋರ್ಟ್ ತೆಗೆದು ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಎರಡು ದೇಶದ ಪೌರತ್ವ ನಮ್ಮಲ್ಲಿ ಇಲ್ಲ, ಪ್ರಮಾಣ ಮಾಡಿದ ಮೇಲೆ ಅದನ್ನು ಒಪ್ಪಿಸಿ ಒಸಿಐ (ವೀಸಾ ಇಲ್ಲದೆ ಭಾರತಕ್ಕೆ ಹೋಗಿಬರುವ ಕಾರ್ಡ್) ಮಾಡಿಸಬೇಕು, ಹಾಸನದಲ್ಲಿ ಇನ್ನು ಓಟಿಲ್ಲ. ಈ ಸಂಕಟದ ಬಗ್ಗೆ ಯಾವ ಕ್ಲಾಸಿನಲ್ಲೂ ಹೇಳುವುದಿಲ್ಲ. ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಹಳೇ ಹಾಳೆಗಳಿಗೆ. ಮುಂದಿನ ಬ್ಯಾಚ್ ಸೆಪ್ಟೆಂಬರ್‌ನಲ್ಲಿ ಅಂತ ಹೇಳಿದ್ದಾರೆ, ಸೀಟು ಇಪ್ಪತ್ತೇ, ಕೌಂಟರಿನಲ್ಲಿ ಹೆಸರು ಬರೆಸಿದರೆ ಸಾಕು. ಆಗ ಪಂಚಾಯಿತಿ ಪಾಠ ಮಾಡೋಕೆ ಒಂದು ಶನಿವಾರ ಬನ್ನಿ ಅಂತ ಮಿಸ್ ಅಮ್ಮನನ್ನು ಕರೆದಿದ್ದಾರೆ. ಅಮ್ಮ ಈಗಲೇ ನೋಟ್ಸ್ ಬರೆಯುತ್ತಿದ್ದಾರೆ.