ಮೆಕ್ಕೆಜೋಳ ಹುಡುಕಲು ಉಪಗ್ರಹ: ಮೂರು ವರ್ಷ ಬಳಸಿದ ಮೇಲೆ

ನನ್ನದು ದಾವಣಗೆರೆಯಲ್ಲಿ ಮೆಕ್ಕೆಜೋಳ ಖರೀದಿ ವ್ಯಾಪಾರ. ಯಾವ ಕಡೆ ಎಷ್ಟು ಬಿತ್ತಿದ್ದಾರೆ ಅಂತ ಮೊದಲೇ ಗೊತ್ತಾದರೆ ಗೋದಾಮು, ಲಾರಿ ಹೊಂದಿಸಿಕೊಳ್ಳಬಹುದು. ಮೊದಲು ಬೈಕಿನಲ್ಲಿ ಸುತ್ತಿ ಅಂದಾಜು ಮಾಡುತ್ತಿದ್ದೆ. ಮೂರು ವರ್ಷದಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟಿನಲ್ಲಿ ನೋಡುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ.

ಚಿತ್ರದ ಒಂದು ಚೌಕ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಂಟೆ! ಎಕರೆಗೆ 40 ಚೌಕ. ಬದುವಿನ ಮೇಲೆ ಬೀಳುವ ಚೌಕದಲ್ಲಿ ಪಕ್ಕದವರ ಬೆಳೆಯೂ ಬೆರೆಯುತ್ತದೆ. ಹಾಗಾಗಿ ಸಣ್ಣ ತುಂಡುಗಳನ್ನು ನಾನು ನಂಬುವುದಿಲ್ಲ.

ಮೊದಲ ವರ್ಷ ಒಂದೇ ದಿನದ ಚಿತ್ರ ನೋಡಿ ಮೋಸಹೋದೆ. ಹರಿಹರದ ಕಡೆ ಭದ್ರಾ ನಾಲೆಯ ಭತ್ತವೂ ಹಸಿರು, ಚನ್ನಗಿರಿಯ ಅಡಿಕೆಯೂ ಹಸಿರು, ನನ್ನ ಮೆಕ್ಕೆಜೋಳವೂ ಹಸಿರು. ಗುರುತು ಸಿಗುವುದು ವರ್ಷದ ಚಿತ್ರಗಳನ್ನೆಲ್ಲ ಸೇರಿಸಿ ಎನ್‌ಡಿವಿಐ ಗೆರೆ ಎಳೆದಾಗ. ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಆ ಎರಡರ ಲೆಕ್ಕವೇ ಎನ್‌ಡಿವಿಐ; ಹಸಿರು ಹೆಚ್ಚಿದಷ್ಟೂ ಗೆರೆ ಮೇಲೇರುತ್ತದೆ. ಬಲಿತ ಅಡಿಕೆ ತೋಟದ ಗೆರೆ ವರ್ಷಪೂರ್ತಿ ಮೇಲೆಯೇ ಇರುತ್ತದೆ. ಭತ್ತದ್ದು ನಾಟಿಗೆ ನೀರು ಕಟ್ಟಿದಾಗ ನೆಲ ಕಚ್ಚಿ, ಆಮೇಲೆ ಏರಿ, ಕೊಯ್ಲಿಗೆ ಬೀಳುತ್ತದೆ. ನಾಲೆಗೆ ನೀರು ಬಿಟ್ಟರೆ ಬೇಸಿಗೆಯಲ್ಲಿ ಇನ್ನೊಂದು ಗುಡ್ಡ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಮುಂಗಾರಿನದು ಒಂದೇ ಗುಡ್ಡ. 2023ರ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಾಗ ಜಗಳೂರು ಕಡೆ ಆ ಗುಡ್ಡ ಅರ್ಧಕ್ಕೇ ನಿಂತಿತ್ತು. ಮಾತಾಡಿಟ್ಟಿದ್ದ ಎರಡು ಲಾರಿ ಬೇಡ ಅಂದೆ.

ದೊಡ್ಡ ತಲೆನೋವು ಮೋಡ. ಉಪಗ್ರಹ ಐದು ದಿನಕ್ಕೊಮ್ಮೆ ಬರುತ್ತದೆ ನಿಜ, ಆದರೆ ಜುಲೈನಲ್ಲಿ ಪರದೆ ತುಂಬ ಬರೀ ಹತ್ತಿ. ನಮ್ಮೂರಿನ ಹಳೇ ಕಾಟನ್ ಮಿಲ್ ನೆನಪಾಗುತ್ತದೆ! ಸೆಂಟಿನೆಲ್-1 ಎಂಬ ಇನ್ನೊಂದು ಉಪಗ್ರಹದ ರೇಡಾರ್ ಮೋಡ ದಾಟಿ ನೋಡುತ್ತದೆ. ನೀರು ನಿಂತ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತದೆ, ಭತ್ತವನ್ನು ಬದಿಗಿಡಲು ಅಷ್ಟು ಸಾಕು. ಮೆಕ್ಕೆಜೋಳ ಮಾತ್ರ ನನ್ನ ಕಣ್ಣಿಗೆ ಅದರಲ್ಲಿ ಸಿಕ್ಕಿಲ್ಲ.

ನಡುವೆ ದುಡ್ಡು ಕೊಟ್ಟು ಒಂದು ಆ್ಯಪ್ ಕೂಡ ಹಾಕಿಸಿಕೊಂಡಿದ್ದೆ. ಬೆಳೆ ಹೆಸರನ್ನು ಅದೇ ಹೇಳುತ್ತದಂತೆ. ಕೆರೆ ಅಂಗಳದ ಜಾಲಿ ಗಿಡಗಳನ್ನು ತೋಟ ಅಂದಿತು. ತೆಗೆದುಹಾಕಿದೆ.

ಬೈಕ್ ಓಡಾಟ ಪೂರ್ತಿ ನಿಂತಿಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲಿ ಕೆಲವು ಹೊಲಗಳಿಗೆ ಹೋಗಿ ನೋಡಿಬರುತ್ತೇನೆ. ಕಳೆದ ಸಲ ಚನ್ನಗಿರಿ ಹತ್ತಿರ ಆರು ಎಕರೆ, ಅಪ್ಪಟ ಮೆಕ್ಕೆಜೋಳದ ಗೆರೆ. ಹೋದರೆ ಸಾಲಿನ ನಡುವೆ ಮೊಣಕಾಲೆತ್ತರದ ಅಡಿಕೆ ಸಸಿಗಳು! "ಇನ್ನೆರಡು ವರ್ಷ ಅಷ್ಟೇ ಬನ್ನಿ, ಆಮೇಲೆ ಇಲ್ಲಿ ಜೋಳ ಸಿಗಲ್ಲ" ಅಂದರು ಹೊಲದವರು. ನಕ್ಷೆಯಲ್ಲಿ ಆ ಆರು ಎಕರೆಗೆ ಈಗ ಬೇರೆ ಬಣ್ಣ ಹಚ್ಚಿದ್ದೇನೆ.